ಪೇಟೆಯ ತಟ್ಟೆಯಲ್ಲಿ ನಮ್ಮೂರಿನ ಹೆಸರು



ದೊಡ್ಡ ಪೇಟೆಗಳ ಹೋಟೆಲುಗಳಲ್ಲಿ ಈಚೆಗೆ ‘ತೋಟದಿಂದ ತಟ್ಟೆಗೆ’ ಎಂಬ ಮಾತು ಬಳಕೆಗೆ ಬಂದಿದೆ. ಅಡಿಗೆಗೆ ಬೇಕಾದ ತರಕಾರಿ, ಮಾಂಸ, ಸಂಬಾರ ಪದಾರ್ಥ, ಕಾಫಿ ಇವನ್ನು ಮಂಡಿಯಲ್ಲಿ ಕೊಳ್ಳದೆ ಬೆಳೆದವನಿಂದಲೇ ಕೊಂಡು, ಆ ತೋಟದ ಅಥವಾ ಊರಿನ ಹೆಸರನ್ನು ಕಾರ್ಡಿನಲ್ಲಿ ಅಚ್ಚು ಹಾಕಿಸಿ ಗಿರಾಕಿಗೆ ತಿಳಿಸುವುದು ಈ ಪದ್ಧತಿಯ ತಿರುಳು. ನಮ್ಮ ಸದಸ್ಯರಲ್ಲಿಯೂ ಕೆಲವರಿಗೆ, ಮುಖ್ಯವಾಗಿ ಮಕ್ಕಳು ಪೇಟೆಯಲ್ಲಿರುವವರಿಗೆ, “ನಮ್ಮ ಕರಿಮೆಣಸನ್ನೂ ಕಾಫಿಯನ್ನೂ ಹೀಗೆ ನೇರವಾಗಿ ಕೊಟ್ಟರೆ ಹೇಗೆ?” ಎಂಬ ಯೋಚನೆ ಬಂದಿದೆ. ಯೋಚನೆ ತಪ್ಪಲ್ಲ. ಆದರೆ ಅದರಲ್ಲಿ ಲಾಭ ಎಷ್ಟು, ತೊಡಕು ಎಷ್ಟು ಎಂಬುದನ್ನು ಮೊದಲೇ ತಿಳಿದುಕೊಂಡಿರಬೇಕು. ನಮ್ಮ ಮನೆಯವರಿಗೇ ಆದ ಒಂದು ಅನುಭವವನ್ನು ಇಟ್ಟುಕೊಂಡು ಈ ವಿಷಯವನ್ನು ವಿವರಿಸುತ್ತೇನೆ.

ಕಾರ್ಡಿನಲ್ಲಿ ಕಂಡ ಕಾಟಿಪಳ್ಳ

ಕಳೆದ ನವರಾತ್ರಿಯ ರಜೆಯಲ್ಲಿ ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದೆ. ಅಲ್ಲಿ ಉದ್ಯೋಗದಲ್ಲಿರುವ ನನ್ನ ತಂಗಿಯ ಮಗ, “ಮಾವ, ನಿಮಗೊಂದು ವಿಷಯ ತೋರಿಸಲಿಕ್ಕಿದೆ, ರಾತ್ರಿ ಊಟಕ್ಕೆ ಬನ್ನಿ” ಎಂದು ಒಂದು ದೊಡ್ಡ ಹೋಟೆಲಿಗೆ ಕರೆದುಕೊಂಡು ಹೋದ. ಹೋಟೆಲಿನ ಹೆಸರು ಇಲ್ಲಿ ಬೇಡ. ಅದು ಸ್ಟೇಕ್ ಎಂಬ ತಿನಿಸಿಗೆ ಹೆಸರಾದ ಜಾಗ. ಸ್ಟೇಕ್ ಎಂದರೆ ಮಾಂಸದ ದಪ್ಪ ತುಂಡನ್ನು ಕಬ್ಬಿಣದ ಸಲಾಕೆಗಳ ಮೇಲೋ ಕಾವಲಿಯ ಮೇಲೋ ಜೋರು ಉರಿಯಲ್ಲಿ ಸುಟ್ಟು ಕೊಡುವುದು. ಅಮೆರಿಕದಲ್ಲಿ ಅದು ದನದ ಮಾಂಸ. ನಮ್ಮ ಪೇಟೆಗಳಲ್ಲಿ ಹೆಚ್ಚಾಗಿ ಎಮ್ಮೆ ಕೋಣಗಳದ್ದು, ಇಲ್ಲವೆ ಕೋಳಿ ಮೀನುಗಳದ್ದು. ಉಣ್ಣುವುದು ಬಿಡುವುದು ಅವರವರ ಮನೆಯ ಕ್ರಮ. ನಮಗೆ ಬೇಕಾದ್ದು ಅದರ ಮೇಲೆ ಬೀಳುವ ಮೆಣಸು.

ಕಾರ್ಡನ್ನು ಬಿಡಿಸಿ ಅಳಿಯ ಒಂದು ಸಾಲಿನ ಮೇಲೆ ಬೆರಳಿಟ್ಟ. ‘ಕಾಟಿಪಳ್ಳದ ಸಣ್ಣ ತೋಟವೊಂದರ ಕರಿಮೆಣಸು ಹಚ್ಚಿದ ಸ್ಟೇಕ್’ ಎಂಬ ಅರ್ಥದ ಇಂಗ್ಲಿಷ್ ಬರಹ. ಬೆಲೆ 1,450 ರೂಪಾಯಿ. “ಇದು ಅಪ್ಪನ ಮೆಣಸು ಮಾವ” ಎಂದ. ನನಗೆ ಆ ಕ್ಷಣ ಬಹಳ ಸಂತೋಷವಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಪಣಂಬೂರಿನಲ್ಲಿ ಬಂದರಿಗೆಂದು ಗದ್ದೆ ತೆಂಗು ಬಿಟ್ಟುಕೊಟ್ಟು ಕಾಟಿಪಳ್ಳದ ಮುರಕಲ್ಲಿನ ನೆಲಕ್ಕೆ ಬಂದು ಕೂತ ಮನೆತನ ನಮ್ಮದು. ಆ ಊರಿನ ಹೆಸರು ಬೆಂಗಳೂರಿನ ಹೋಟೆಲಿನಲ್ಲಿ!

ನನಗೆ ಮಾಂಸದೂಟ ಇಲ್ಲ. ಅದಕ್ಕೂ ಅಲ್ಲಿ ದಾರಿ ಇತ್ತು. ಸುವರ್ಣಗಡ್ಡೆಯನ್ನು ಅಂಗೈ ಅಗಲಕ್ಕೆ ದಪ್ಪವಾಗಿ ಕೊಯ್ದು, ಬೇಯಿಸಿ, ಅದೇ ಮೆಣಸು ಒತ್ತಿ ಕಾವಲಿಯಲ್ಲಿ ಕೆಂಪಗೆ ಹುರಿದು ತಂದಿಟ್ಟರು. 640 ರೂಪಾಯಿ. ನಮ್ಮ ಹಿತ್ತಿಲಲ್ಲಿ ಯಾರೂ ಕೇಳದೆ ಬೆಳೆಯುವ ಗಡ್ಡೆ ಅದು. ರುಚಿ ಚೆನ್ನಾಗಿತ್ತು. ಆದರೆ ಮೆಣಸನ್ನು ಬಾಯಿಗಿಟ್ಟಾಗ ಒಂದು ಸಂಶಯ ಬಂತು. ಕಾಳು ಸಣ್ಣದು, ಖಾರ ಇದೆ, ಪರಿಮಳ ಸಾಲದು. ಭಾವನ ಮನೆಯ ಮೆಣಸು ನನಗೆ ಗೊತ್ತು.

ಬಡಿಸುವ ಹುಡುಗನನ್ನು ಕೇಳಿದಾಗ ಅವನು ಒಳಗೆ ಹೋಗಿ ಮುಖ್ಯ ಬಾಣಸಿಗರನ್ನೇ ಕರೆತಂದ. ಅವರು ಮರ್ಯಾದಸ್ಥರು, ಸುಳ್ಳು ಹೇಳಲಿಲ್ಲ. “ಈಗಿನ ಮೆಣಸು ಮಾರ್ಕೆಟಿನದ್ದು ಸರ್. ಕಳೆದ ವರ್ಷ ಕಾಟಿಪಳ್ಳದಿಂದ 25 ಕಿಲೊ ತರಿಸಿದ್ದೆವು, ಬಹಳ ಒಳ್ಳೆಯದಿತ್ತು. ಈ ವರ್ಷ ಬಂದ ಸ್ಯಾಂಪಲಿನಲ್ಲಿ ತೇವ ಇತ್ತು, ಮುಗ್ಗಲು ವಾಸನೆ ಇತ್ತು, ಹಾಗಾಗಿ ಬಿಟ್ಟೆವು. ಕಾರ್ಡು ಮಾತ್ರ ಬದಲಾಗಲಿಲ್ಲ” ಎಂದರು.

ಊರಿಗೆ ಬಂದು ಭಾವನನ್ನು ಕೇಳಿದೆ. ಕಳೆದ ವರ್ಷ ಧಾರಣೆ ಕಿಲೊಗೆ 650 ಇದ್ದಾಗ ಹೋಟೆಲಿನವರು 900 ಕೊಟ್ಟರು. “ಮುಂದಿನ ವರ್ಷ 60 ಕಿಲೊ ಬೇಕು” ಎಂದು ಬಾಯಿಮಾತಿನಲ್ಲಿ ಹೇಳಿದ್ದರು. ಆ ಮಾತನ್ನು ನಂಬಿ ಭಾವ ಈ ವರ್ಷ ಸಂಘಕ್ಕೆ ಕೊಡಬೇಕಾಗಿದ್ದ ಮೆಣಸಿನಿಂದ 60 ಕಿಲೊ ತೆಗೆದಿಟ್ಟರು. ಮಾರ್ಚಿಯಲ್ಲಿ ಫೋನು ಮಾಡಿದಾಗ “ನೋಡಿ ಹೇಳುತ್ತೇವೆ” ಎಂಬ ಉತ್ತರ. ಏಪ್ರಿಲ್, ಮೇ ಕಳೆಯಿತು. ಜುಲೈಯಲ್ಲಿ ಸ್ಯಾಂಪಲು ಕಳುಹಿಸಿ ಎಂದರು. ಅಷ್ಟರಲ್ಲಿ ಮಳೆ ಹಿಡಿದಿತ್ತು, ಗೋಣಿಯೊಳಗೆ ಬೂಸಲು ಬಂದಿತ್ತು. “ಹೆಸರು ಅವರ ಹತ್ತಿರ ಉಳಿಯಿತು ಭಾವ, ಮೆಣಸು ನನ್ನ ಹತ್ತಿರ ಉಳಿಯಿತು” ಎಂದು ಅವರು ನಕ್ಕರು. ನಗುವ ವಿಷಯವೇನೂ ಅಲ್ಲ. 650ರಂತೆ 60 ಕಿಲೊ ಎಂದರೆ 39,000 ರೂಪಾಯಿಯ ಮಾಲು.

ಇದರಲ್ಲಿ ತಪ್ಪು ಯಾರದು? ಮೆಣಸು ಇಲ್ಲದ ಮೇಲೂ ಹೆಸರನ್ನು ಉಳಿಸಿಕೊಂಡದ್ದು ಹೋಟೆಲಿನ ತಪ್ಪು. ಬರಹವಿಲ್ಲದೆ ಮಾಲು ತಡೆದಿಟ್ಟದ್ದು, ತೇವ ನೋಡದೆ ಸ್ಯಾಂಪಲು ಕಳುಹಿಸಿದ್ದು ನಮ್ಮ ತಪ್ಪು. ಎರಡನ್ನೂ ಬಿಡಿಸಿ ನೋಡೋಣ.

ಈ ಪದ್ಧತಿ ಎಲ್ಲಿಂದ ಬಂತು

ಹೊರದೇಶದಲ್ಲಿ ಈ ಚಳವಳಿಯ ಮೊದಲಿಗರಲ್ಲಿ ಹೆಸರಾದವರು ಆಲಿಸ್ ವಾಟರ್ಸ್ ಎಂಬ ಮಹಿಳೆ. ಅವರು 1971ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಬರ್ಕ್ಲಿಯಲ್ಲಿ ‘ಶೇ ಪನೀಸ್’ ಎಂಬ ಹೋಟೆಲು ತೆರೆದು, ಸುತ್ತಲಿನ ಸಣ್ಣ ಬೆಳೆಗಾರರಿಂದಲೇ ಮಾಲು ಕೊಂಡು, ಆಯಾ ಕಾಲದಲ್ಲಿ ಬೆಳೆದದ್ದನ್ನೇ ಬಡಿಸತೊಡಗಿದರು. ಡಬ್ಬಿಯ ಆಹಾರಕ್ಕೆ ಒಗ್ಗಿಹೋಗಿದ್ದ ಜನರಿಗೆ ಅದು ಹೊಸತಾಗಿ ಕಂಡಿತು. ಅಲ್ಲಿಂದ ಪದ್ಧತಿ ಹಬ್ಬಿತು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಉತ್ತರದ ಅಂಚಿನಲ್ಲಿ 37 ಎಕ್ರೆ ತೋಟದ ಒಳಗೇ ‘ಫಾರ್ಮ್‌ಲೋರ್’ ಎಂಬ ಊಟದ ಮನೆ ಇದೆ. ಅಲ್ಲಿ ಕೂತು ಉಣ್ಣಲು ಜಾಗ ಇರುವುದು 18 ಮಂದಿಗೆ. ತೋಟದಲ್ಲಿ ಬೆಳೆದದ್ದು ಎದುರಿನ ಒಲೆಯಲ್ಲಿ ಬೆಂದು ತಟ್ಟೆಗೆ ಬರುತ್ತದೆ.

ನಿಜ ಹೇಳುವುದಾದರೆ ನಮಗೆ ಇದು ಹೊಸತಲ್ಲ. ಉಡುಪಿಯ ಹತ್ತಿರದ ಮಟ್ಟು ಗ್ರಾಮದ ಗುಳ್ಳಬದನೆಯನ್ನು ಊರಿನ ಹೆಸರು ಹೇಳಿಯೇ ಕೊಳ್ಳುವುದು ಎಷ್ಟು ಹಿಂದಿನಿಂದ ಇದೆ! ಹೊಸತಾದದ್ದು ಇಷ್ಟೇ: ಹಿಂದೆ ಊರಿನ ಹೆಸರು ಮಾರುವವನ ಬಾಯಲ್ಲಿತ್ತು, ಈಗ ಅದು ಬೆಲೆಯ ಪಕ್ಕದಲ್ಲಿ ಅಚ್ಚಾಗಿದೆ. ಗಿರಾಕಿಯು ಆ ಹೆಸರಿಗೂ ಹಣ ಕೊಡುತ್ತಾನೆ.

ಹಣ ಬರುವಲ್ಲಿ ಮೋಸವೂ ಬರುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ‘ಟ್ಯಾಂಪಾ ಬೇ ಟೈಮ್ಸ್’ ಪತ್ರಿಕೆಯ ವರದಿಗಾರ್ತಿ ಲಾರಾ ರೈಲಿ 2016ರಲ್ಲಿ ಇಂತಹ ಹೋಟೆಲುಗಳ ಕಾರ್ಡುಗಳನ್ನು ಹಿಡಿದುಕೊಂಡು, ಅವುಗಳಲ್ಲಿ ಹೆಸರಿಸಿದ್ದ ಬೆಳೆಗಾರರನ್ನೇ ವಿಚಾರಿಸಿದರು. ಹಲವು ಕಡೆ ಹೆಸರು ಒಬ್ಬನದು, ಮಾಲು ಇನ್ನೊಬ್ಬನದು ಎಂದು ಹೊರಬಿತ್ತು. ನಮ್ಮ ಮಟ್ಟುವಿನ ಬೆಳೆಗಾರರೂ ಬೇರೆ ಬದನೆಯನ್ನು ತಮ್ಮ ಹೆಸರಿನಲ್ಲಿ ಮಾರುವುದನ್ನು ತಡೆಯಲು ಕಾಯಿಗೆ ಸಂಘದ ಚೀಟಿ ಅಂಟಿಸುವ ಕ್ರಮ ಮಾಡಿಕೊಂಡವರು.

ಸ್ಟೇಕಿಗೆ ಎಂತಹ ಮೆಣಸು ಬೇಕು

ಸಾರಿಗೆ ಹಾಕುವ ಮೆಣಸಿನ ಪುಡಿ ಇಲ್ಲಿ ನಡೆಯುವುದಿಲ್ಲ. ಜೋರು ಉರಿಗೆ ನುಣ್ಣನೆಯ ಪುಡಿ ಕರಟಿ ಕಹಿಯಾಗುತ್ತದೆ. ಆದ್ದರಿಂದ ಕಾಳನ್ನು ಎರಡು ಮೂರು ಹೋಳಾಗುವಷ್ಟು ಮಾತ್ರ ಜಜ್ಜಿ ಒತ್ತುತ್ತಾರೆ. ಮೆಣಸಿನ ಪರಿಮಳ ಹಗುರವಾದ ಎಣ್ಣೆಯಲ್ಲಿದೆ, ಜಜ್ಜಿದೊಡನೆ ಹಾರತೊಡಗುತ್ತದೆ. ಹಾಗಾಗಿ ಹೋಟೆಲಿನವರು ಪುಡಿ ಕೊಳ್ಳುವುದಿಲ್ಲ, ಇಡೀ ಕಾಳನ್ನೇ ಕೊಂಡು ಆಗಿಂದಾಗ ಜಜ್ಜುತ್ತಾರೆ. ಕಾಳು ದೊಡ್ಡದಾಗಿ, ತುಂಬಿಕೊಂಡು, ಒಂದೇ ಬಣ್ಣದಲ್ಲಿ ಇರಬೇಕು.

ರಫ್ತಿನವರಲ್ಲಿ ‘ತಲಶ್ಶೇರಿ’ ಎಂದು ಹೆಸರಾದ ದರ್ಜೆ ಇದೇ. ಆ ಊರಿನ ಮೆಣಸು ಎಂಬ ಅರ್ಥ ಈಗ ಅದಕ್ಕಿಲ್ಲ. ಅದು ಕಾಳಿನ ಗಾತ್ರದ ಹೆಸರು. 4.25 ಮಿಲಿಮೀಟರಿನ ಜರಡಿಯ ಮೇಲೆ ನಿಲ್ಲುವುದು ಒಂದು ದರ್ಜೆ, 4.75ರ ಮೇಲೆ ನಿಲ್ಲುವುದು ಅದಕ್ಕೂ ಮೇಲಿನದು. ಅಡಿಕೆಯಲ್ಲಿ ನಾವು ಚಾಲಿ, ಪಟೋರ, ಕೋಕ ಎಂದು ಹೆಕ್ಕುವ ಹಾಗೆಯೇ ಇದು. ಅಡಿಕೆಯನ್ನು ಅಷ್ಟು ಜಾಗ್ರತೆಯಿಂದ ಹೆಕ್ಕುವ ನಾವು ಮೆಣಸನ್ನು ಮಾತ್ರ ಒಟ್ಟಾಗಿ ಗೋಣಿಗೆ ಸುರಿಯುತ್ತೇವೆ.

ಒಳ್ಳೆಯ ಮಾಲು ಆಗಬೇಕಾದರೆ ಕೆಲಸಗಳು ಇವು:

1. ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾದಾಗ ಕೊಯ್ಯಬೇಕು. ಕಳ್ಳರ, ಹಕ್ಕಿಗಳ ಹೆದರಿಕೆಯಿಂದ ಎಳತನ್ನು ಕೊಯ್ದರೆ ಕಾಳು ಒಣಗುವಾಗ ಜೊಳ್ಳಾಗುತ್ತದೆ.

2. ಕಾಳು ಬಿಡಿಸಿ, ಬುಟ್ಟಿಯಲ್ಲಿ ಹಾಕಿ, ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆಯಬೇಕು. ಬೇಗ ಒಣಗುತ್ತದೆ, ಬಣ್ಣ ಒಂದೇ ಸಮನಾಗಿ ಕಪ್ಪಾಗುತ್ತದೆ, ಮೇಲಿನ ಕೊಳೆ ಕಳೆಯುತ್ತದೆ.

3. ಸೆಗಣಿ ಸಾರಿಸಿದ ಅಂಗಳದಲ್ಲಿ ಹರವಬಾರದು. ನಮಗೆ ಅದು ಅಶುದ್ಧವಲ್ಲ, ಆದರೆ ಆಹಾರ ಪರೀಕ್ಷೆಯಲ್ಲಿ ರೋಗಾಣು ಕಂಡರೆ ಮಾಲು ಹಿಂದೆ ಬರುತ್ತದೆ. ಸಿಮೆಂಟು ಅಂಗಳ ಅಥವಾ ಶುಚಿಯಾದ ಟಾರ್ಪಾಲು ಬೇಕು. ನಾಯಿ ಕೋಳಿಗಳು ಸುಳಿಯಬಾರದು.

4. ತೇವ ನೂರಕ್ಕೆ 11ಕ್ಕಿಂತ ಕೆಳಗೆ ಇಳಿಯುವ ತನಕ ಒಣಗಿಸಬೇಕು. ಸಂಘದಲ್ಲಿ ತೇವ ಅಳೆಯುವ ಯಂತ್ರ ಇದ್ದರೆ ಅಲ್ಲಿಯೇ ನೋಡಿಸುವುದು ಲೇಸು. ಹಲ್ಲಿನಲ್ಲಿ ಕಚ್ಚಿ ನೋಡುವ ಲೆಕ್ಕ ದೂರದ ಗಿರಾಕಿಗೆ ಸಾಲದು.

5. ಜರಡಿ ಹಿಡಿದು, ಗಾಳಿ ಬೀಸಿ, ಗಾಳಿಯಾಡದ ಚೀಲದಲ್ಲಿ ತುಂಬಿ, ಮಳೆಗೆ ಮೊದಲೇ ವಿಲೇವಾರಿ ಮಾಡಬೇಕು. ಕರಾವಳಿಯ ಜೂನ್ ತಿಂಗಳ ಗಾಳಿಯಲ್ಲಿ ಬರೇ ಗೋಣಿಯ ಮೆಣಸು ನೀರು ಹೀರದೆ ಬಿಡುವುದಿಲ್ಲ.

ಲೆಕ್ಕ ಹಾಕಿ ನೋಡೋಣ

ಒಂದು ತಟ್ಟೆ ಸ್ಟೇಕಿಗೆ 5 ಗ್ರಾಂ ಮೆಣಸು ಎಂದು ಹಿಡಿಯಿರಿ. ಕಿಲೊಗೆ 650ರಂತೆ ಅದರ ಬೆಲೆ 3 ರೂಪಾಯಿ 25 ಪೈಸೆ. 900ರಂತೆ ಆದರೆ 4 ರೂಪಾಯಿ 50 ಪೈಸೆ. 1,450 ರೂಪಾಯಿಯ ತಟ್ಟೆಯಲ್ಲಿ ಬೆಳೆಗಾರನಿಗೆ ಹೆಚ್ಚಿಗೆ ಸಿಕ್ಕಿದ್ದು ಒಂದೂಕಾಲು ರೂಪಾಯಿ. ಹೋಟೆಲಿನವನಿಗೆ ಬಾಡಿಗೆ, ಸಂಬಳ, ಕರೆಂಟು ಎಲ್ಲ ಇದೆ, ಅದನ್ನು ಮರೆಯಬಾರದು. ಆದರೂ ಒಂದು ಮಾತು ಸ್ಪಷ್ಟ: ನಾವು ಕೇಳುವ ಹೆಚ್ಚಿನ ಬೆಲೆ ಅವನಿಗೆ ಭಾರವಲ್ಲ. ಅವನಿಗೆ ಭಾರವಾಗುವುದು ಒಮ್ಮೆ ಒಳ್ಳೆಯದು, ಒಮ್ಮೆ ಕೆಟ್ಟದ್ದು ಬರುವುದು.

ಇನ್ನು ಪ್ರಮಾಣ. ದಿನಕ್ಕೆ ಇಂತಹ 40 ತಟ್ಟೆ ಹೋದರೆ ದಿನಕ್ಕೆ 200 ಗ್ರಾಂ, ವರ್ಷಕ್ಕೆ 73 ಕಿಲೊ. ಇಷ್ಟು ಗಲಾಟೆಯ ನಂತರ ಒಂದು ದೊಡ್ಡ ಹೋಟೆಲು ಕೊಳ್ಳುವುದು ಒಂದೂವರೆ ಗೋಣಿ ಮೆಣಸನ್ನು! ನಮ್ಮ ಬೆಳೆಯಲ್ಲಿ ಮೂರರಲ್ಲಿ ಒಂದು ಪಾಲು ದೊಡ್ಡ ಕಾಳು ಎಂದು ಹಿಡಿದರೆ, 73 ಕಿಲೊ ಆರಿಸಲು 220 ಕಿಲೊ ಬೆಳೆ ಬೇಕು. ಸಣ್ಣ ಹಿಡುವಳಿಯ ಒಬ್ಬನಿಗೆ ಪ್ರತಿವರ್ಷ ಅಷ್ಟು ಆಗುವುದು ಕಷ್ಟ. ಸೊರಗುರೋಗ ಬಂದ ವರ್ಷವಂತೂ ಕೇಳುವುದೇ ಬೇಡ. ಕಿಲೊಗೆ 250 ಹೆಚ್ಚಿಗೆ ಎಂದರೂ 73 ಕಿಲೊಗೆ ಲಾಭ 18,250 ರೂಪಾಯಿ. ಅದರಲ್ಲಿ ಜರಡಿಯ ಕೂಲಿ, ಚೀಲ, ಪಾರ್ಸೆಲು ಕಳೆಯಬೇಕು. ದೊಡ್ಡ ಕಾಳು ಆರಿಸಿ ತೆಗೆದ ಮೇಲೆ ಉಳಿದ ಮಾಲಿನ ತೂಕ ಹಗುರಾಗಿ ಅದಕ್ಕೆ ಸ್ವಲ್ಪ ಧಾರಣೆ ಇಳಿಯುವುದೂ ಇದೆ.

ಉಳಿದ ಮೆಣಸಿಗೆ, ಅಡಿಕೆಗೆ, ಕೊಕ್ಕೊಗೆ ಗತಿ ಯಾರು? ಸಂಘವೇ. ಆದ್ದರಿಂದ ಹೋಟೆಲನ್ನು ನಂಬಿ ಸಂಘವನ್ನು ಬಿಡುವುದು ಒಂದೂವರೆ ಗೋಣಿಗೋಸ್ಕರ ಇಡೀ ಕೊಟ್ಟಿಗೆಯನ್ನು ತೆರೆದಿಟ್ಟ ಹಾಗೆ.

ಕಾಫಿಯ ಹೆಸರು ಕಳೆದದ್ದು, ಸಿಕ್ಕಿದ್ದು

ಘಟ್ಟದ ಮೇಲಿನ ಸದಸ್ಯರಿಗೆ ಈ ಮಾತು ಚೆನ್ನಾಗಿ ಅರ್ಥವಾಗಬಹುದು. 1940ರ ದಶಕದಿಂದ ಕಾಫಿಯೆಲ್ಲ ಕಾಫಿ ಬೋರ್ಡಿನ ಪೂಲಿಗೆ ಹೋಗುತ್ತಿತ್ತು. ಎಲ್ಲರ ಕಾಫಿಯೂ ಕೂಡಿ, ಹಣ ಕಂತು ಕಂತಾಗಿ ಬರುತ್ತಿತ್ತು. ಬೆಲೆಯ ಭದ್ರತೆ ಇತ್ತು, ಆದರೆ ಯಾವ ತೋಟದ ಕಾಫಿ ಯಾರ ಲೋಟ ಸೇರಿತೆಂದು ತಿಳಿಯುವಂತಿರಲಿಲ್ಲ. 1990ರ ದಶಕದಲ್ಲಿ ಹಂತಹಂತವಾಗಿ ಸಡಿಲವಾಗಿ 1996ರಲ್ಲಿ ಮಾರಾಟ ಪೂರ್ಣ ಮುಕ್ತವಾಯಿತು. ಆ ಮೇಲೆ ದೊಡ್ಡ ಎಸ್ಟೇಟುಗಳು ತಮ್ಮ ಹೆಸರಿನಲ್ಲಿಯೇ ಕಾಫಿ ಮಾರಿದವು. ಸಣ್ಣ ಬೆಳೆಗಾರನ ಚೆರ್ರಿ ಮಾತ್ರ ಊರಿನ ವ್ಯಾಪಾರಿಯ ಗೋದಾಮಿನಲ್ಲಿ ಮತ್ತೆ ರಾಶಿಗೆ ಸೇರಿತು.

ಸಣ್ಣವರಿಗೂ ಹೆಸರು ಸಿಕ್ಕಿದ ಉದಾಹರಣೆ ಆಂಧ್ರದ ಅರಕು ಕಣಿವೆಯದ್ದು. ಅಲ್ಲಿಯ ಬುಡಕಟ್ಟಿನ ಸಣ್ಣ ಬೆಳೆಗಾರರು ಸಹಕಾರ ಸಂಘ ಕಟ್ಟಿಕೊಂಡು, ಹಣ್ಣನ್ನು ಆರಿಸಿ ಕೊಯ್ದು, ಒಟ್ಟಾಗಿ ಸಂಸ್ಕರಿಸಿದರು. ಅವರ ಕಾಫಿಯ ಅಂಗಡಿ 2017ರಲ್ಲಿ ಪ್ಯಾರಿಸಿನಲ್ಲಿ, 2021ರಲ್ಲಿ ಬೆಂಗಳೂರಿನ ಇಂದಿರಾನಗರದಲ್ಲಿ ತೆರೆಯಿತು. ಹೆಸರು ಒಬ್ಬನದಲ್ಲ, ಕಣಿವೆಯದ್ದು.

ನಮ್ಮ ಮಂಗಳೂರಿಗೂ ಇಂತಹ ಒಂದು ಹೆಸರಿನ ಋಣ ಇದೆ. ಹಾಯಿ ಹಡಗಿನ ಕಾಲದಲ್ಲಿ ಇಲ್ಲಿಂದ ಹೊರಟ ಕಾಫಿ ಆಫ್ರಿಕಾ ಸುತ್ತಿ ತಿಂಗಳುಗಟ್ಟಲೆ ಸಮುದ್ರದ ತೇವ ಹೀರಿ, ಹಳದಿಯಾಗಿ, ಹುಳಿ ಕಳೆದು ಯೂರೋಪು ಮುಟ್ಟುತ್ತಿತ್ತು. 1869ರಲ್ಲಿ ಸುಯೆಜ್ ಕಾಲುವೆ ತೆರೆದು, ಹಬೆ ಹಡಗುಗಳು ಬಂದು ಪ್ರಯಾಣ ಚಿಕ್ಕದಾದಾಗ ಆ ರುಚಿ ತಪ್ಪಿತು. ಗಿರಾಕಿಗಳು ಹಳೆಯ ರುಚಿಯನ್ನೇ ಕೇಳಿದರು. ಆಗ ಕರಾವಳಿಯ ಕ್ಯೂರಿಂಗ್ ವರ್ಕ್ಸ್‌ಗಳು ಮಳೆಗಾಲದ ಗಾಳಿಗೆ ಕಾಫಿಯನ್ನು ಹರವಿ, ಮಗುಚಿ, ಗೋಣಿಯಲ್ಲಿ ಸಡಿಲಾಗಿ ತುಂಬಿ ಅದೇ ಗುಣವನ್ನು ತರತೊಡಗಿದವು. ‘ಮಾನ್ಸೂನ್ಡ್ ಮಲಬಾರ್’ ಎಂಬ ಆ ಕಾಫಿಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಭಾವನ ಮೆಣಸನ್ನು ಕೆಡಿಸಿದ ಗಾಳಿಯೇ ಈ ಕಾಫಿಗೆ ಹೆಸರು ತಂದಿತು. ವ್ಯತ್ಯಾಸ ಇಷ್ಟೇ: ಇಲ್ಲಿ ತೇವವನ್ನು ಅಳೆದು ಕೊಟ್ಟರು, ಅಲ್ಲಿ ಅದು ಕೇಳದೆ ಬಂತು.

ಅಡಿಕೆಯ ಪಾಲು

ಇಂತಹ ಹೋಟೆಲುಗಳಿಗೆ ಅಡಿಕೆ ಮರದಿಂದ ಹೋಗುವುದು ಹೆಚ್ಚಾಗಿ ಹಾಳೆಯ ತಟ್ಟೆ. ಅದರಲ್ಲಿ ಒಂದು ಎಚ್ಚರಿಕೆ ಬೇಕು. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಹಾಳೆಯಲ್ಲಿರುವ ಅರೆಕೋಲಿನ್ ಮುಂತಾದ ಅಂಶಗಳು ಆಹಾರಕ್ಕೆ ಇಳಿಯಬಹುದು ಎಂಬ ಕಾರಣ ಕೊಟ್ಟು, ಹಾಳೆ ತಟ್ಟೆಗಳ ಆಮದನ್ನು ತಡೆಯುವ ಸೂಚನೆ ಹೊರಡಿಸಿತು. ತಟ್ಟೆಯ ಯಂತ್ರಕ್ಕೆ ಸಾಲ ಮಾಡುವ ಮೊದಲು ಮಾಲು ಎಲ್ಲಿಗೆ ಹೋಗುತ್ತದೆ ಎಂದು ಕೊಳ್ಳುವವನನ್ನು ಕೇಳಬೇಕು. ಹೆಸರಿನ ವಿಷಯದಲ್ಲಿ ಅಡಿಕೆಯವರಿಗೆ ಒಳ್ಳೆಯ ಮೇಲ್ಪಂಕ್ತಿ ಶಿರಸಿಯದ್ದು. ‘ಶಿರಸಿ ಸುಪಾರಿ’ಗೆ 2019ರಲ್ಲಿ ಭೌಗೋಳಿಕ ಗುರುತು ದೊರಕಿದ್ದು ಅಲ್ಲಿಯ ತೋಟಗಾರರ ಸಹಕಾರಿ ಮಾರಾಟ ಸಂಘದ ಪ್ರಯತ್ನದಿಂದ.

ನಾವು ಮಾಡಬಹುದಾದ್ದು

ಮೇಲಿನ ಎಲ್ಲ ಉದಾಹರಣೆಗಳಿಂದ ತಿಳಿಯುವುದು ಒಂದೇ. ಹೆಸರಿಗೆ ಬೆಲೆ ಇದೆ. ಆದರೆ ವರ್ಷ ವರ್ಷವೂ ಅದೇ ಗುಣದ ಮಾಲು ಹಿಂದೆ ನಿಂತರೆ ಮಾತ್ರ. ಹಾಗೆ ನಿಲ್ಲಿಸುವುದು ಒಬ್ಬನಿಂದ ಆಗದು, ಹತ್ತು ಮಂದಿಯಿಂದ ಆದೀತು. ನಮ್ಮ ಸೂಚನೆಗಳು ಹೀಗಿವೆ:

ಒಂದೇ ಗ್ರಾಮದ ಎಂಟು ಹತ್ತು ಸದಸ್ಯರು ಸೇರಿ, ಒಂದೇ ಕ್ರಮದಲ್ಲಿ ಒಣಗಿಸಿದ ಮೆಣಸಿನ ದೊಡ್ಡ ಕಾಳನ್ನು ಸಂಘದಲ್ಲಿ ಜರಡಿ ಹಿಡಿಸಿ ಬೇರೆ ಗುರುತಿನಲ್ಲಿ ಇಡಬೇಕು. ಪೊಟ್ಟಣ ಕಟ್ಟಿ ಹೆಸರು ಹಾಕಿ ಮಾರುವಾಗ ಬೇಕಾಗುವ ಆಹಾರ ಸುರಕ್ಷತೆಯ ನೋಂದಣಿ ಸಂಘದ ಹೆಸರಿನಲ್ಲಿಯೇ ಇದ್ದರೆ ಅನುಕೂಲ.

ಹೋಟೆಲಿನವರೊಡನೆ ಒಂದು ಹಾಳೆಯ ಬರಹ ಇರಲಿ. ಎಷ್ಟು ಕಿಲೊ, ಯಾವ ಗಾತ್ರ, ಎಷ್ಟು ತೇವ, ಎಷ್ಟು ದಿನದಲ್ಲಿ ಹಣ, ಇಷ್ಟು ಅದರಲ್ಲಿ ಕಾಣಬೇಕು. ಮುಂಗಡವಾಗಿ ಕಾಲು ಪಾಲಾದರೂ ಕೇಳಬೇಕು. ಕೊನೆಯಲ್ಲಿ ಒಂದು ಸಾಲು ಮರೆಯದೆ ಸೇರಿಸಿರಿ: ಮಾಲು ಕೊಳ್ಳುವ ತನಕ ಮಾತ್ರ ಹೆಸರಿನ ಬಳಕೆ, ಕೊಳ್ಳುವುದು ನಿಂತರೆ ಒಂದು ತಿಂಗಳೊಳಗೆ ಕಾರ್ಡಿನಿಂದ ತೆಗೆಯಬೇಕು.

ಏಪ್ರಿಲ್ ಮುಗಿಯುವುದರೊಳಗೆ ಆರ್ಡರು ಕೈಗೆ ಬಾರದಿದ್ದರೆ ಕಾಯಬಾರದು. ಇಡೀ ಮಾಲನ್ನು ಸಂಘಕ್ಕೆ ಹಾಕಿ ಬಿಡಬೇಕು.

ಅಡಿಕೆಗೆ ಧಾರಣೆ ಕುಸಿದು ಬೆಳೆಗಾರ ದಿಕ್ಕು ಕಾಣದೆ ಕೂತಾಗ 1973ರಲ್ಲಿ ಕ್ಯಾಂಪ್ಕೊ ಹುಟ್ಟಿತು. ಕೊಕ್ಕೊ ಕೊಳ್ಳುವವರಿಲ್ಲದೆ ಹೋದ ಮೇಲೆ 1986ರಲ್ಲಿ ಅದೇ ಸಂಸ್ಥೆ ಪುತ್ತೂರಿನಲ್ಲಿ ಚಾಕಲೇಟಿನ ಕಾರ್ಖಾನೆ ತೆರೆಯಿತು. ಆ ಚಾಕಲೇಟಿನ ಕಾಗದದ ಮೇಲೆ ನಿಮ್ಮ ನನ್ನ ಹೆಸರಿಲ್ಲ. ಆದರೆ ಇರುವ ಹೆಸರು ನಮ್ಮದೇ.

ಕಾಟಿಪಳ್ಳದ ನಮಗೆ ಹೆಸರಿನ ವಿಷಯ ಸ್ವಲ್ಪ ಹೆಚ್ಚೇ ತಾಗುತ್ತದೆ. ನಮ್ಮ ಹಿರಿಯರು ಬಿಟ್ಟ ನೆಲದಲ್ಲಿ ಎದ್ದ ಬಂದರು 1974ರಲ್ಲಿ ದೇಶದ ಪ್ರಧಾನ ಬಂದರುಗಳಲ್ಲಿ ಒಂದೆಂದು ಘೋಷಣೆಯಾಯಿತು. ಇಂದು ಘಟ್ಟದ ಕಾಫಿ ಅದರ ಮೂಲಕ ಹೊರದೇಶಕ್ಕೆ ಹೋಗುತ್ತದೆ. ಅವರು ಉತ್ತ ಗದ್ದೆಗಳ ಹೆಸರು ಈಗ ಮುದುಕರ ಬಾಯಲ್ಲಿ ಮಾತ್ರ ಉಳಿದಿದೆ. ಇನ್ನೊಂದು ಊರಿನ ಹೆಸರೂ ಹಾಗೆ ಹೋಗಬಾರದು.

ಬಾಣಸಿಗರಿಗೆ ನಾನು ಊರಿಗೆ ಬಂದ ಮೇಲೆ ಒಂದು ಕಾಗದ ಬರೆದೆ. ಅವರು ಆ ಸಾಲನ್ನು ಕಾರ್ಡಿನಿಂದ ತೆಗೆಸಿ, ಬರುವ ಮಾರ್ಚಿಗೆ ಸ್ಯಾಂಪಲು ಕಳುಹಿಸಿರಿ ಎಂದು ಉತ್ತರಿಸಿದ್ದಾರೆ. ಈ ಸಲ ಭಾವ ಒಬ್ಬರೇ ಕಳುಹಿಸುವುದಿಲ್ಲ. ಸುತ್ತಲಿನ ಏಳು ಮನೆಯವರು ಸೇರಿದ್ದೇವೆ. 4.25ರ ಜರಡಿಗೆ ಹೇಳಿಯಾಗಿದೆ.